ಸಿನಿಮಾದ ಹೆಣಕ್ಕೊಂದು ಹೆಸರು

ಪತ್ರಿಕೆಗೆ ವಿಮರ್ಶೆ ಬರೆಯಬೇಕೆಂದು ಶಹಾಪುರದ ಟಾಕೀಸಿನಲ್ಲಿ ಆ ಸಿನಿಮಾ ನೋಡುತ್ತ ಕೂತಿದ್ದೆ. ಕೊಲೆಗಾರ ಹೆಣವನ್ನು ಹೆಗಲ ಮೇಲೆ ಹೊತ್ತುಕೊಂಡೇ ನಮ್ಮ ಕಡೆ ತಿರುಗಿ, "ಇದು ಸಿನಿಮಾ ಅಂತ ನನಗೂ ಗೊತ್ತು. ಈಗ ಇದನ್ನೆಲ್ಲಿ ಎಸೀಲಿ, ನೀವೇ ಹೇಳಿ" ಎಂದು ಕೇಳಿದ. ಬೇರೆ ಊರಲ್ಲಾದರೆ ಜನ ನಕ್ಕು ಸುಮ್ಮನಾಗುತ್ತಿದ್ದರೇನೋ. ಇಲ್ಲಿ ಹಿಂದಿನ ಸಾಲಿನಿಂದ ಉತ್ತರವೇ ಬಂತು: "ಕಾಲುವಿಗೆ ಒಗಿಬ್ಯಾಡಲೇ, ಗೇಟಿನ್ಯಾಗ ಸಿಕ್ಕೊಂತದ!"

ಮಾತೆಲ್ಲ ಚೂಪಾಗಿದ್ದ ಸಿನಿಮಾ. ಆದರೆ ಪ್ರತಿ ಜೋಕಿಗೂ ನಮ್ಮತ್ತ ಕಣ್ಣು ಹೊಡೆದು 'ನಕ್ಕಿರಾ?' ಎಂದು ಕೇಳುವ ಚಟ ಅದಕ್ಕೆ. ನನಗೆ ರೇಗಿಹೋಗಿತ್ತು.

ಪಕ್ಕದಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಕಕ್ಕೇರಾ ಕಡೆಯ ಒಬ್ಬರು ಟೀಚರು. ಇಂಟರ್‌ವಲ್‌ನಲ್ಲಿ ನನ್ನ ಕೈಗೂ ಒಂದಿಷ್ಟು ಶೇಂಗಾ ಹಾಕಿ ಕೇಳಿದರು: "ಸತ್ತಾಂವನ ಹೆಸರೇನ್ರಿ ಸರ?"

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಸಿನಿಮಾ ಅದನ್ನು ಹೇಳಿರಲೇ ಇಲ್ಲ. "ಹೆಣಕ್ಕೆಂಥಾ ಹೆಸರ್ರಿ ಟೀಚರ್?" ಎಂದೆ.

"ಹಂಗಂದ್ರ ಹ್ಯಾಂಗ್ರಿ? ನಮ್ಮೂರ ಕಾಲುವಿ ಗೇಟಿಗೂ ಒಬ್ಬಾಂವ ತೇಲಿ ಬಂದಿದ್ದ. ಯಾರೂ ಹುಡುಕ್ಕೊಂಡು ಬರಲಿಲ್ಲ. ಹೆಸರಿಲ್ಲದಾಂವಗ ಹ್ಯಾಂಗ ಮಣ್ಣು ಕೊಡೋದು? ಗೇಟಪ್ಪ ಅಂತ ಊರವ್ರೇ ಹೆಸರಿಟ್ಟು ಮಣ್ಣು ಕೊಟ್ಟೇವ್ರಿ. ಆಂವನ ಹೆಸರು ಉಳೀಲಿ ಅಂತ ಆಮ್ಯಾಲ ಮಕ್ಕಳಿಗೂ ಇಟ್ರು. ಈಗ ನನ್ನ ಕ್ಲಾಸಿನ್ಯಾಗ ಇಬ್ಬರು ಗೇಟಪ್ಪ ಅದಾರ."

ನಗಲು ಬಾಯಿ ತೆರೆದವನು ಅರ್ಧಕ್ಕೇ ನಿಲ್ಲಿಸಿದೆ. ಮೊದಲರ್ಧವೆಲ್ಲ ಆ ಸಿನಿಮಾ ಒದ್ದಾಡಿದ್ದು ಹೀಗೆ ಒಟ್ಟಿಗೇ ನಗಿಸಿ ನಡುಗಿಸಲಿಕ್ಕೇ ಅಲ್ಲವೇ!

ಟೀಚರು ಮಾತ್ರ ಕಣ್ಣು ಹೊಡೆಯಲಿಲ್ಲ. ಇನ್ನೊಂದು ಶೇಂಗಾ ಸುಲಿದು ಬಾಯಿಗೆ ಹಾಕಿಕೊಂಡರು.