ಉದ್ಯಾನದ ಎದುರಿನ ಮಳಿಗೆ ನೋಡಲು ಹೋದದ್ದು

ಮೊದಲಿಗೆ ಓದುಗರಲ್ಲಿ ಒಂದು ವಿನಂತಿ. ನಾನು ಕನ್ನಡವನ್ನು ಶಾಲೆಯಲ್ಲಿ ಕಲಿತವಳಲ್ಲ. ಹುಟ್ಟಿ ಬೆಳೆದದ್ದು ನಾಸಿಕ್‌ನಲ್ಲಿ, ಓದಿದ್ದು ಮರಾಠಿ ಮಾಧ್ಯಮದಲ್ಲಿ. ಕನ್ನಡದ ಅಕ್ಷರಗಳನ್ನು ನಮ್ಮ ಹೋಟೆಲಿನ ಹಿಂದಿನ ಕೋಣೆಯಲ್ಲಿ ಅಕ್ಕಿ ಆರಿಸುತ್ತ ಅಮ್ಮ ಕಲಿಸಿದರು. ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ ಆದ್ದರಿಂದ ಬರೆದದ್ದನ್ನು ತಿದ್ದಿಕೊಡುವವರಿಲ್ಲ. ಭಾಷೆಯಲ್ಲಿ ದೋಷಗಳಿದ್ದರೆ ಮನ್ನಿಸಬೇಕು. ಸಂಗತಿಗಳಲ್ಲಿ ಗೊಂದಲ ಕಂಡರೆ, ಅದು ಆ ದಿನ ಇದ್ದ ಗೊಂದಲವೇ ಎಂದು ತಿಳಿಯಬೇಕು.

ನನ್ನ ತಂದೆ ಉಡುಪಿಯ ಕಡೆಯವರು. ಎಳೆಯ ವಯಸ್ಸಿನಲ್ಲಿ ನಾಸಿಕ್‌ಗೆ ಬಂದು, ಲೋಟ ತೊಳೆಯುವುದರಿಂದ ಆರಂಭಿಸಿ, ಕೊನೆಗೆ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ಸ್ವಂತ ಉಪಾಹಾರ ಗೃಹ ತೆರೆದರು. ಕಳೆದ ಚಳಿಗಾಲದಲ್ಲಿ ಆ ಕಟ್ಟಡವನ್ನು ಕೆಡವುವುದೆಂದು ತೀರ್ಮಾನವಾಯಿತು. ಸಂಕ್ರಾಂತಿಯೊಳಗೆ ನಾವು ಜಾಗ ಖಾಲಿ ಮಾಡಬೇಕಿತ್ತು. ಆಗ ಛತ್ರಪತಿ ಸಂಭಾಜಿನಗರದ ಏಜೆಂಟರೊಬ್ಬರು, ಅಲ್ಲಿಯ ದೊಡ್ಡ ಸಾರ್ವಜನಿಕ ಉದ್ಯಾನದ ಮುಖ್ಯದ್ವಾರದ ಎದುರಿಗೇ ಒಂದು ಮಳಿಗೆ ಬಾಡಿಗೆಗಿದೆ, ಶುಕ್ರವಾರ ಸಂಜೆಯೊಳಗೆ ಹೌದು ಅಥವಾ ಇಲ್ಲ ಎಂದು ಹೇಳಬೇಕು ಎಂದು ತಿಳಿಸಿದರು. ಹೌದೆಂದರೆ ನಮ್ಮ ಸಂಸಾರವೇ ಅಲ್ಲಿಗೆ ಹೋಗಬೇಕು.

ಹೋಟೆಲಿಗೆ ಜಾಗ ಹಿಡಿಯುವ ಮೊದಲು ಅದರ ಎದುರು ಒಂದು ದಿನ ಪೂರ್ತಿ ಕುಳಿತು ನೋಡಬೇಕೆಂಬುದು ಅಪ್ಪನ ಪದ್ಧತಿ. ಯಾರು ಬರುತ್ತಾರೆ, ಯಾವ ಹೊತ್ತಿಗೆ ಹಸಿಯುತ್ತಾರೆ, ಕೈಯಲ್ಲಿ ಬುತ್ತಿ ಇದೆಯೇ ಎಂಬುದೆಲ್ಲ ಕುಳಿತಲ್ಲಿಯೇ ತಿಳಿಯುತ್ತದೆಯಂತೆ. ಹೀಗಾಗಿ ಶುಕ್ರವಾರ ಹೋಟೆಲಿನ ಬಾಗಿಲು ಹಾಕಿ ನಾವು ಮೂವರೂ ಹೊರಟೆವು.

ಬೆಳಿಗ್ಗೆ ಆರರ ಸರಕಾರಿ ಬಸ್ಸು. ದೂರ ಸುಮಾರು ಇನ್ನೂರು ಕಿಲೋಮೀಟರ್. ಮಹಿಳೆಯರಿಗೆ ಅರ್ಧ ದರವಾದ್ದರಿಂದ ಅಮ್ಮನಿಗೂ ನನಗೂ ಸೇರಿ ಒಂದು ಟಿಕೆಟಿನಷ್ಟೇ ಹಣವಾಯಿತು. ಬಸ್ಸಿನ ಫಲಕದ ಮೇಲೆ ಊರಿಗೆ ಈಚೆಗೆ ಇಟ್ಟ ಹೊಸ ಹೆಸರಿತ್ತು, ಪಕ್ಕದ ಆಸನದ ಅಜ್ಜ ಹಳೆಯ ಹೆಸರನ್ನೇ ಹೇಳುತ್ತಿದ್ದರು. ‘ನಾವು ಮೊದಲನೆಯದರಲ್ಲಿ ಇಳಿಯುದಾ, ಎರಡನೆಯದರಲ್ಲಾ?’ ಎಂದು ಅಮ್ಮ ಪಿಸುಗುಟ್ಟಿದರು. ಎರಡೂ ಒಂದೇ ಎಂದು ನಾನು ಹೇಳಿದರೂ ಅವರು ನಂಬಿದಂತೆ ಕಾಣಲಿಲ್ಲ.

ಚಳಿ ವಿಪರೀತವಿತ್ತು. ಯೇವಲಾದಲ್ಲಿ ಬಸ್ಸು ನಿಂತಾಗ ಪೋಹೆ, ಎಂದರೆ ಅಲ್ಲಿಯ ಅವಲಕ್ಕಿ ಒಗ್ಗರಣೆ, ತಿಂದೆವು. ಅಪ್ಪ ಎರಡು ಚಮಚ ತಿಂದು ತಟ್ಟೆಯನ್ನು ತಿರುಗಿಸಿ ನೋಡಿದರು.

‘ಶೇಂಗಾ ಹಾಕ್ಲಿಕ್ಕೆ ನೆನಪುಂಟು, ಉಪ್ಪು ಹಾಕ್ಲಿಕ್ಕೆ ನೆನಪಿಲ್ಲ.’

‘ಒಂದು ದಿನ ಆದ್ರೂ ಗಿರಾಕಿ ಹಾಗೆ ತಿನ್ನಿ ನೀವು’ ಎಂದರು ಅಮ್ಮ.

ಹನ್ನೊಂದರ ಸುಮಾರಿಗೆ ಉದ್ಯಾನ ತಲುಪಿದೆವು. ಮಳಿಗೆಯ ಮುಂದೆ ಕುಳಿತುಕೊಳ್ಳಲು ಸ್ಥಳವಿರಲಿಲ್ಲ, ಇದ್ದದ್ದು ರಿಕ್ಷಾಗಳ ಸಾಲು ಮಾತ್ರ. ಆದ್ದರಿಂದ ಪ್ರವೇಶದ ಚೀಟಿ ಪಡೆದು ಉದ್ಯಾನದ ಒಳಗಿನಿಂದಲೇ ನೋಡುವುದೆಂದು ನಿಶ್ಚಯಿಸಿದೆವು. ಬೇಲಿಯ ಬಳಿ ದೊಡ್ಡದೊಂದು ಬೇವಿನ ಮರ, ಅದರ ಕೆಳಗೆ ಹುಲ್ಲು. ಅಲ್ಲಿಂದ ಮಳಿಗೆಯ ನೀಲಿ ಶಟರ್ ನೇರವಾಗಿ ಕಾಣುತ್ತಿತ್ತು. ಅಪ್ಪ ಅಲ್ಲಿ ಕುಳಿತರು, ನನ್ನನ್ನು ಹಿಂದಿನ ದ್ವಾರಕ್ಕೆ ಕಳುಹಿಸಿದರು.

‘ನೀನು ಓದಿದವಳಲ್ವಾ ಮಗಾ, ಅಲ್ಲಿ ಎಷ್ಟು ಜನ ಹೊರಗೆ ಹೋಗ್ತಾರೆ ನೋಡು. ಇಲ್ಲಿದು ನಾನು ನೋಡ್ತೇನೆ.’

ಅಮ್ಮ ಕೇಳಿದರು: ‘ನಾನೆಂತ ಮಾಡ್ಲಿ?’

‘ಪಾರ್ಕಿನಲ್ಲಿ ಎಂತ ಮಾಡ್ತಾರೆ? ಕೂತ್ಕೊ.’

‘ಕೂತು?’

ಅಪ್ಪ ಆಗಲೇ ಶಟರಿನ ಕಡೆ ತಿರುಗಿದ್ದರು. ನಿಜ ಹೇಳಬೇಕೆಂದರೆ ನಾವು ಯಾರೂ ಅದುವರೆಗೆ ಉದ್ಯಾನಕ್ಕೆಂದು ಹೋದವರಲ್ಲ. ಹೋಟೆಲಿನವರ ಸಂಜೆ ಇತರರ ಸಂಜೆಯಂತಿರುವುದಿಲ್ಲ.

ನನ್ನ ಕೆಲಸ ಬೇಗನೆ ಕೆಟ್ಟಿತು. ಹಿಂದಿನ ದ್ವಾರದಿಂದ ಹೊರಬಿದ್ದವರು ಮುಂದಿನ ದ್ವಾರದಿಂದ ಒಳಬರುತ್ತಿದ್ದರೋ, ಅಥವಾ ಒಳಗೇ ಸುತ್ತುತ್ತಿದ್ದರೋ, ತಿಳಿಯದಾಯಿತು. ಹಸಿರು ಸೀರೆಯ ಮಹಿಳೆಯೊಬ್ಬರು ಮತ್ತೆ ಮತ್ತೆ ಎದುರಾದರು. ಅವರನ್ನು ಒಬ್ಬ ಗಿರಾಕಿಯೆಂದು ಎಣಿಸುವುದೋ ನಾಲ್ವರೆಂದೋ? ಮಕ್ಕಳ ಪುಟ್ಟ ರೈಲು ಕೂಗುತ್ತ ಬಂದಾಗ ಎಲ್ಲ ಲೆಕ್ಕವೂ ಕಲಸಿಹೋಯಿತು. ಆ ರೈಲಿನಲ್ಲಿ ಮೀಸೆಯ ಗಂಭೀರ ಹಿರಿಯರೊಬ್ಬರು ಮೊಮ್ಮಕ್ಕಳಾರೂ ಜೊತೆಗಿಲ್ಲದೆ, ಒಬ್ಬರೇ ಕುಳಿತು ಕೈ ಬೀಸುತ್ತಿದ್ದರು. ಯಾರಿಗೆಂದು ನೋಡಲು ತಿರುಗಿದೆ. ಯಾರೂ ಇರಲಿಲ್ಲ. ನಾನೇ ಕೈ ಬೀಸಿದೆ. ಆಮೇಲೆ ಕಾರಂಜಿಯ ಸುತ್ತ, ಗುಲಾಬಿಯ ಮಡಿಗಳ ನಡುವೆ, ಒಣ ಎಲೆಗಳ ಮೇಲೆ ಎಷ್ಟು ಹೊತ್ತು ನಡೆದೆನೆಂದು ಹೇಳಲಾರೆ. ಬಿಸಿಲು ಮರಗಳ ನಡುವಿನಿಂದ ಹಿತವಾಗಿ ಬೀಳುತ್ತಿತ್ತು. ಇದು ಸಂತೋಷವೋ ಕರ್ತವ್ಯಲೋಪವೋ ಎಂದು ನಿರ್ಧರಿಸಲಾಗದೆ ನಡೆಯುತ್ತಲೇ ಇದ್ದೆ.

ಬೇವಿನ ಮರದ ಬಳಿಗೆ ಮರಳಿದಾಗ ಕಂಡ ದೃಶ್ಯ ಇನ್ನೂ ವಿಚಿತ್ರವಾಗಿತ್ತು. ಅಪ್ಪ ಹುಲ್ಲಿನ ಮೇಲೆ, ಮೊಣಕೈಯನ್ನು ಕಣ್ಣಿಗೆ ಅಡ್ಡವಿಟ್ಟು, ಗಾಢವಾಗಿ ನಿದ್ರಿಸುತ್ತಿದ್ದರು. ಹಗಲು ನಿದ್ರಿಸಿದ ಅಪ್ಪನನ್ನು ನಾನು ಎಂದೂ ಕಂಡಿರಲಿಲ್ಲ. ಅವರ ಪಕ್ಕದಲ್ಲಿ ಅಪರಿಚಿತರೊಬ್ಬರು ಅದೇ ಭಂಗಿಯಲ್ಲಿ ಮಲಗಿದ್ದರು. ಅಮ್ಮ ಆ ಅಪರಿಚಿತರ ಪತ್ನಿಯೊಂದಿಗೆ ಕುಳಿತು ಪೇರಲೆ ಹಣ್ಣಿಗೆ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದರು. ಆ ದಂಪತಿ ಮಾಲೇಗಾಂವ್‌ನವರು, ಮಗ್ಗದ ಕಾರ್ಖಾನೆಗೆ ಶುಕ್ರವಾರ ರಜೆಯಾದ್ದರಿಂದ ಖುಲ್ತಾಬಾದ್‌ನ ದರ್ಗಾಕ್ಕೆ ಹೊರಟು ನಡುವೆ ಇಲ್ಲಿ ತಂಗಿದ್ದರು.

‘ಆರು ದಿನ ಮಗ್ಗದ ಖಟಖಟ. ಇಲ್ಲಿ ಬಂದ ಕೂಡಲೇ ಬಿದ್ದು ಬಿಡ್ತಾರೆ’ ಎಂದು ಆ ಮಹಿಳೆ ಹಿಂದಿಯಲ್ಲಿ ಹೇಳಿದರು. ‘ನಿಮ್ಮವರದೂ ಮಗ್ಗವೇ?’

‘ಇಲ್ಲ, ದೋಸೆ’ ಎಂದರು ಅಮ್ಮ.

ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರು. ಅಷ್ಟರಲ್ಲಿ ಕಾವಲುಗಾರ ಸೀಟಿ ಊದುತ್ತ ಬಂದು ‘ಓ ಕಾಕಾ, ಉಠಾ!’ ಎಂದು ಮಲಗಿದ್ದವರನ್ನು ಎಬ್ಬಿಸಲು ನೋಡಿದ. ‘ಮಲಗಲಿ ಬಿಡು ಭಾಯ್, ಇದು ಬಾಗ್, ಠಾಣೆಯಲ್ಲ’ ಎಂದು ಆ ಮಹಿಳೆ ಗದರಿ ಅವನಿಗೂ ಒಂದು ಹಣ್ಣು ಕೊಟ್ಟರು. ಅವನು ಹಣ್ಣು ತೆಗೆದುಕೊಂಡು ಬೇರೆಡೆ ಸೀಟಿ ಊದಲು ಹೋದ.

ಅಪ್ಪ ಎದ್ದಾಗ ಐದಾಗುತ್ತ ಬಂದಿತ್ತು. ಮಾಲೇಗಾಂವ್‌ನವರು ಹೊರಟುಹೋಗಿದ್ದರು. ಅಪ್ಪ ಮೊದಲು ಶಟರನ್ನು ನೋಡಿದರು, ಅನಂತರ ನಮ್ಮನ್ನು.

‘ಊಟದ ಹೊತ್ತಿಗೆ ಅಲ್ಲಿ ಜನ ಇತ್ತಾ?’

‘ನಾನು ನೋಡ್ಲಿಲ್ಲ, ಮಾತಾಡ್ತಾ ಇದ್ದೆ’ ಎಂದರು ಅಮ್ಮ.

‘ನೀನು ಮಗಾ?’

‘ಲೆಕ್ಕ ತಪ್ಪಿತು ಅಪ್ಪಾ.’

ಅಪ್ಪ ಬೈಯಲಿಲ್ಲ. ತಲೆಯಲ್ಲಿ ಸಿಕ್ಕಿದ್ದ ಹುಲ್ಲನ್ನು ತೆಗೆಯುತ್ತ, ‘ಈಗ ಅವರಿಗೆ ಎಂತ ಹೇಳುದು?’ ಎಂದರು.

ಏಜೆಂಟರು ಸ್ಕೂಟರಿನಲ್ಲಿ ಬಂದು ಶಟರ್ ಎತ್ತಿದರು. ಒಳಗೆ ಸ್ಥಳ ವಿಶಾಲವಾಗಿತ್ತು, ನೀರಿನ ವ್ಯವಸ್ಥೆಯೂ ಇತ್ತು. ‘ಬೋಲಾ ಶೇಟ್, ಹೋ ಕೀ ನಾಹೀ?’ ಎಂದು, ಹೌದೋ ಇಲ್ಲವೋ ಹೇಳಿರೆಂದು, ಕೇಳಿದರು. ಹೊರಗೆ ಆ ಹೊತ್ತಿಗೆ ಜನಸಂದಣಿ ಬೆಳೆಯುತ್ತಿತ್ತು. ನನಗೆ ಅದು ಹೌದೆನ್ನಲು ಸಾಕಾದ ಕಾರಣವೆಂದು ತೋರಿತು. ಅವರಲ್ಲಿ ಹಲವರ ಕೈಯಲ್ಲಿ ಬುತ್ತಿಯ ಚೀಲಗಳಿದ್ದುದರಿಂದ ಇಲ್ಲವೆನ್ನಲೂ ಸಾಕೆನಿಸಿತು. ಅಪ್ಪ ಗಲ್ಲಾ ಇಡಬಹುದಾದ ಜಾಗದಲ್ಲಿ ಹೋಗಿ ನಿಂತು, ಬೇಲಿಯಾಚೆ ನೋಡಿದರು. ಬಹಳ ಹೊತ್ತು ನೋಡಿದರು. ಅನಂತರ ಏಜೆಂಟರಿಗೆ ಕೈಮುಗಿದು ‘ನಾಹೀ’ ಎಂದರು.

‘ಯಾಕೆ ಅಪ್ಪಾ?’

‘ಇಲ್ಲಿ ನಿಂತ್ರೆ ಆ ಮರ ಕಾಣ್ತದೆ. ದಿನಾ ಕಾಣ್ತದೆ. ಅಲ್ಲಿಗೆ ಹೋಗ್ಲಿಕ್ಕೆ ಮಾತ್ರ ಆಗುದಿಲ್ಲ.’

‘ಅದು ಒಂದು ಕಾರಣವಾ?’

‘ಗೊತ್ತಿಲ್ಲ ಮಗಾ’ ಎಂದರು ಅಪ್ಪ.

ರಿಕ್ಷಾ ಹೊರಟಾಗ ತಿರುಗಿ ನೋಡಿದೆ. ಕಾರಂಜಿಗೆ ದೀಪ ಹಾಕಿದ್ದರು. ಅಮ್ಮನ ಮಡಿಲಲ್ಲಿ ಉಳಿದ ಪೇರಲೆಗಳಿದ್ದವು. ಹೊಸ ಜಾಗ ಇನ್ನೂ ದೊರೆತಿರಲಿಲ್ಲ, ಸಂಕ್ರಾಂತಿ ಸಮೀಪಿಸುತ್ತಿತ್ತು.

ಆ ಬಳಿಕ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಗಳು ಇಷ್ಟು. ನಾಸಿಕ್‌ನಲ್ಲಿಯೇ, ಮೊದಲಿನ ಅರ್ಧದಷ್ಟಿರುವ ಜಾಗದಲ್ಲಿ ಹೋಟೆಲು ನಡೆಯುತ್ತಿದೆ. ಬೆಳಗಿನ ತಿಂಡಿ ಮಾತ್ರ, ಎರಡು ಗಂಟೆಗೆ ಶಟರ್ ಎಳೆಯುತ್ತಾರೆ. ಆದಾಯ ಕಡಿಮೆಯಾದ್ದರಿಂದ ನಾನು ಹೊರಗೆ ಲೆಕ್ಕಪತ್ರದ ಕೆಲಸಕ್ಕೆ ಸೇರಿದ್ದೇನೆ. ಸಂಭಾಜಿನಗರದ ಆ ಮಳಿಗೆಯಲ್ಲಿ ಈಗ ಹಣ್ಣಿನ ರಸದ ಅಂಗಡಿ ಇದೆಯೆಂದು ಏಜೆಂಟರು ಒಮ್ಮೆ ಅಪ್ಪನಿಗೆ ಫೋನಿನಲ್ಲಿ ತಿಳಿಸಿದರು. ವ್ಯಾಪಾರ ಹೇಗಿದೆ ಎಂದು ಕೇಳಬೇಕೆಂದಿದ್ದೆ, ಆದರೆ ಅಪ್ಪ ಫೋನನ್ನು ಇಟ್ಟುಬಿಟ್ಟರು. ಅದು ಮಧ್ಯಾಹ್ನದ ಹೊತ್ತು. ಅಮ್ಮ ಚಾಪೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮನೆಯ ಸಮೀಪದ ಉದ್ಯಾನಕ್ಕೆ ಅವರಿಬ್ಬರೂ ಈಗ ದಿನವೂ ಹೋಗುತ್ತಾರೆ.