ಮೂಲೆಗೆ ಸರಿದ ನಕ್ಷತ್ರ

ಆ ವೀಕ್ಷಣಾಲಯದಲ್ಲಿ ಒಂದು ಕಟ್ಟುಪಾಡಿದೆ. ಒಂದು ನಕ್ಷತ್ರ ಮಂಕಾಯಿತೆಂದೋ ಬೆಳಗಿತೆಂದೋ ಹೊರಗಿನವರಿಗೆ ಹೇಳುವ ಮುನ್ನ, ದೂರದರ್ಶಕವನ್ನು ಅಷ್ಟಷ್ಟೇ ತಿರುಗಿಸಿ, ಆ ನಕ್ಷತ್ರವನ್ನು ಕ್ಯಾಮೆರಾದ ನಾಲ್ಕೂ ಮೂಲೆಗೆ ಒಯ್ದು ಅಳೆದು ನೋಡಬೇಕು. ಹೊಸಬರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ಹಳಬರು ತುಟಿಪಿಟಕ್ಕೆನ್ನದೆ ಮಾಡುತ್ತಾರೆ. ಇದನ್ನು ತಂದವಳು ಸಪಾಟಕ್ಕ. ತಂದ ದಿನ ಅವಳ ಸಂಸಾರ ಮುರಿದು ಬೀಳುವುದೊಂದು ಬಾಕಿ ಇತ್ತು.

ಸಪಾಟಕ್ಕ ಅಲ್ಲಿಯ ಕ್ಯಾಮೆರಾ ನೋಡಿಕೊಳ್ಳುವ ಎಂಜಿನಿಯರು. ಎಂಥ ದುಬಾರಿ ಕ್ಯಾಮೆರಾ ಆದರೂ ಅದರ ಚಿಪ್ ಎಲ್ಲ ಕಡೆಯೂ ಒಂದೇ ಸಮನೆ ಬೆಳಕು ಹಿಡಿಯುವುದಿಲ್ಲ. ಇಲ್ಲೊಂದು ಧೂಳಿನ ಕಣ ಕೂತಿರುತ್ತದೆ, ಅಲ್ಲೊಂದು ಅಂಚು ಮಬ್ಬಾಗಿರುತ್ತದೆ. ಅದಕ್ಕೇ ಗುಮ್ಮಟದ ಒಳಗೋಡೆಗೆ ಬಿಳಿ ಪರದೆ ಕಟ್ಟಿ, ಅದಕ್ಕೆ ದೀಪ ಹಾಯಿಸಿ, ಬರಿಯ ಬಿಳುಪಿನ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಫ್ಲ್ಯಾಟ್ ಅನ್ನುತ್ತಾರೆ ಅದಕ್ಕೆ. ಆಕಾಶದ ಚಿತ್ರವನ್ನು ಅದರಿಂದ ಭಾಗಿಸಿದರೆ ಕ್ಯಾಮೆರಾದ ಏರುತಗ್ಗೆಲ್ಲ ಸಪಾಟಾಗುತ್ತದೆ, ತೂಗುವ ಮೊದಲು ಖಾಲಿ ತಕ್ಕಡಿ ಯಾವ ಕಡೆ ವಾಲುತ್ತದೆಂದು ಪಾಸಂಗ ನೋಡಿಕೊಂಡ ಹಾಗೆ. ಇದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ, ಅವಳಿಗೋ ಅದೇ ಪ್ರಾಣ. ಪರದೆಯಲ್ಲಿ ಒಂದು ಸುಕ್ಕು ಕಂಡರೆ ಊಟ ಬಿಟ್ಟು ಏಣಿ ಹತ್ತುವಳು. ಸಪಾಟಕ್ಕ ಅಂತ ಜೊತೆಯವರು ಇಟ್ಟ ಹೆಸರು ಹಾಗೆ ಅಂಟಿಕೊಂಡಿತು. ಗಂಡನೂ ಒಮ್ಮೊಮ್ಮೆ ಹಾಗೇ ಕರೆಯುತ್ತಿದ್ದ. ಆಗ ಅವನಿಗೆ ಸಿಗುತ್ತಿದ್ದ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಗಂಡ ಅಲ್ಲಿಯೇ ಖಗೋಳ ವಿಜ್ಞಾನಿ. ಓದುವಾಗಿನಿಂದ ಜೊತೆಗಾರರು, ಒಬ್ಬರಿಗೊಬ್ಬರು ನೀನು ಅನ್ನುವವರು. ಸೊಸೆ ಮಗನನ್ನು ಏಕವಚನದಲ್ಲಿ ಕೂಗುವುದನ್ನು ಕೇಳಿ ಕೇಳಿ ಅತ್ತೆಯ ಕಿವಿ ಜಡ್ಡುಗಟ್ಟಿತ್ತು. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ನಕ್ಷತ್ರವನ್ನು ಮದುವೆಗೂ ಮೊದಲಿನಿಂದ ಅಳೆಯುತ್ತ ಬಂದಿದ್ದ. ಅದರ ಸುತ್ತ ಧೂಳಿನ ರಾಶಿಯೊಂದು ತಿರುಗುತ್ತಿದೆ, ಒಂದಲ್ಲ ಒಂದು ದಿನ ಅಡ್ಡ ಬಂದು ನಕ್ಷತ್ರವನ್ನು ಮಂಕು ಮಾಡುತ್ತದೆ ಅನ್ನುವುದು ಅವನ ವಾದ. ಹಿರಿಯರು ನಕ್ಕಿದ್ದರು. ನಕ್ಷತ್ರ ಕಾಣುವ ಆ ವರ್ಷದ ಹಂಗಾಮಿನಲ್ಲಿ ಅದು ಮಂಕಾಗಿಯೇ ಬಿಟ್ಟಿತು, ನೂರಕ್ಕೆ ಮೂರು ಪಾಲು. ನಿರ್ದೇಶಕರು ಖುದ್ದಾಗಿ ಬಂದು ಬೆನ್ನು ತಟ್ಟಿ, ಶುಕ್ರವಾರ ಬೆಳಿಗ್ಗೆ ಜಗತ್ತಿನ ಎಲ್ಲ ವೀಕ್ಷಣಾಲಯಗಳಿಗೂ ಸುದ್ದಿ ಕಳಿಸೋಣ ಅಂದರು. ಅವನ ಕೆಲಸ ಕಾಯಂ ಮಾಡುವ ಸಮಿತಿ ಕೂರುವುದೂ ಅದೇ ದಿನ ಮಧ್ಯಾಹ್ನ. ಅತ್ತೆಯಂತೂ ತರಕಾರಿ ಅಂಗಡಿಯಲ್ಲಿ ಸಹ ‘ನಮ್ಮ ಹುಡುಗನ ನಕ್ಷತ್ರ’ದ ಕಥೆ ಹೇಳಿ ಬಂದಿದ್ದರು.

ಸೋಮವಾರ ಸಪಾಟಕ್ಕ ಧೂಳು ನೋಡಲೆಂದು ಕ್ಯಾಮೆರಾದ ಮುಂದಿನ ಕೊಳವೆಯೊಳಗೆ ಟಾರ್ಚ್ ಬಿಟ್ಟಳು. ಫಿಲ್ಟರಿನ ಗಾಜು ಹಿಡಿದಿಡುವ ಬಳೆ ಪಳಪಳ ಹೊಳೆಯಿತು. ಹಳೆಯ ಬಳೆ ಸವೆದಿದೆಯೆಂದು ಹಂಗಾಮಿಗೆ ಮೊದಲಿನ ದುರಸ್ತಿಯ ತಿಂಗಳಲ್ಲಿ ಹೊಸದು ಹಾಕಿದ್ದರು, ಅದಕ್ಕೆ ಕಪ್ಪು ಬಣ್ಣ ಹೊಡೆಯುವುದು ಮರೆತಿದ್ದರು. ಮುಂದೆ ನಿಂತು ಜೋಡಿಸಿದವಳು ಅವಳೇ. ನಕ್ಷತ್ರದ ಬೆಳಕು ನೇರ ಬರುತ್ತದೆ, ಆ ಬಳೆಗೆ ತಾಗುವುದಿಲ್ಲ. ಪರದೆಯ ಬೆಳಕು ಹಾಗಲ್ಲ, ಎಲ್ಲ ದಿಕ್ಕಿನಿಂದಲೂ ನುಗ್ಗುತ್ತದೆ. ಅದರಲ್ಲಿ ಒಂದಿಷ್ಟು ಬಳೆಗೆ ಬಡಿದು ಚಿಪ್‌ನ ಒಂದು ಮೂಲೆಗೆ ಬಿದ್ದರೆ, ಆ ಮೂಲೆ ಬೆಳಕನ್ನು ಹೆಚ್ಚು ಹಿಡಿಯುತ್ತದೆ ಅಂತ ಫ್ಲ್ಯಾಟ್ ಸುಳ್ಳು ಹೇಳುತ್ತದೆ. ಆ ಸುಳ್ಳಿನಿಂದ ಭಾಗಿಸಿದ ಮೇಲೆ ಅಲ್ಲಿರುವ ಯಾವ ನಕ್ಷತ್ರವೂ ಇರುವುದಕ್ಕಿಂತ ಮಂಕಾಗಿಯೇ ಕಾಣುತ್ತದೆ.

ಆಮೇಲೆ ಅವಳಿಗೆ ಇನ್ನೊಂದು ನೆನಪಾಯಿತು. ಹಂಗಾಮು ಶುರುವಾದ ಕೆಲವೇ ದಿನಕ್ಕೆ ಗಂಡ ಒಂದು ಮಾತು ಹೇಳಿದ್ದ. ಹೋಲಿಸಿ ನೋಡಲು ಒಳ್ಳೆಯ ನಕ್ಷತ್ರವೊಂದು ಪಕ್ಕದಲ್ಲೇ ಇದೆ, ಅದೂ ಚೌಕಟ್ಟಿನೊಳಗೆ ಬರಲಿ, ನಮ್ಮದನ್ನು ಸ್ವಲ್ಪ ಮೂಲೆಗೆ ಸರಿಸು ಅಂದಿದ್ದ. ಅವಳು ಸರಿಸಿದ್ದಳು. ಅಳತೆ ಇನ್ನಷ್ಟು ಗಟ್ಟಿಯಾಗಲಿ ಅಂತಲೇ ಇಬ್ಬರೂ ಸೇರಿ ಮಾಡಿದ ಕೆಲಸ ಅದು.

ನಕ್ಷತ್ರ ಮುಳುಗುವ ಕಾಲ ಹತ್ತಿರ ಬಂದಿತ್ತು. ಕತ್ತಲಾದೊಡನೆ ಪಡುವಣದಲ್ಲಿ ಸ್ವಲ್ಪವೇ ಹೊತ್ತು ಸಿಕ್ಕಿ, ಗುಡ್ಡದ ಹಿಂದೆ ಇಳಿದುಬಿಡುತ್ತಿತ್ತು. ಸೋಮವಾರ ಸಂಜೆ ಮೋಡ. ಮಂಗಳವಾರ, ಬುಧವಾರವೂ ಮೋಡ. ಅವಳು ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದಳು. ಖಾತ್ರಿಯಿಲ್ಲದ ಮಾತು ಹೇಳಿ ಅವನ ನೆಮ್ಮದಿ ಕೆಡಿಸುವುದು ಬೇಡ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆ.

ಗುರುವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅವನು ಮರುದಿನದ ಸಮಿತಿಗೆಂದು ಅಂಗಿ ಇಸ್ತ್ರಿ ಮಾಡುತ್ತಿದ್ದ. ಅವಳು ಬಾಗಿಲಲ್ಲಿ ನಿಂತು, “ಇವತ್ತು ಸಂಜೆ ನಿನ್ನ ನಕ್ಷತ್ರನ ನಾಲ್ಕೂ ಮೂಲೆಗೆ ಓಡಾಡಿಸಿ ನೋಡ್ಬೇಕು” ಅಂದಳು.

ಇಸ್ತ್ರಿಪೆಟ್ಟಿಗೆ ನಿಂತಲ್ಲೇ ನಿಂತಿತು. “ಯಾಕೆ?”

“ನನ್ನ ಫ್ಲ್ಯಾಟ್ ಮೇಲೆ ನನಗೇ ನಂಬಿಕೆ ಬರ್ತಿಲ್ಲ.”

ಶನಿವಾರ ನೋಡಿದರಾಯಿತು ಬಿಡು ಅಂದ. ಶನಿವಾರ ನೋಡಿ ಏನು ಮಾಡುವುದು, ಸುದ್ದಿ ಊರೂರು ಸುತ್ತಿರುತ್ತದೆ ಅಂದಳು. ಎಲ್ಲದರಲ್ಲೂ ಸುಕ್ಕು ಹುಡುಕುವ ಚಟ ನಿನಗೆ, ಅಂದ. ಇಷ್ಟು ವರ್ಷ ಕಾದದ್ದು ಕೈಗೆ ಬಂದಾಗ ಕಲ್ಲು ಹಾಕಲು ಹೊರಗಿನವರು ಬೇಕಿಲ್ಲ, ಮನೆಯವರೇ ಸಾಕು ಅಂತಲೂ ಅಂದ. ಆ ಮಾತು ಅವಳಿಗೆ ನಾಟಿತು. ದನಿ ಏರಿದ್ದನ್ನು ಕೇಳಿ ಅತ್ತೆ ಒಳಗೆ ಬಂದು ಏನಾಯಿತೆಂದು ವಿಚಾರಿಸಿದರು. ಏನಿಲ್ಲ ಅಂತ ಇಬ್ಬರೂ ಒಟ್ಟಿಗೆ ಹೇಳಿದರು, ಅಷ್ಟರಲ್ಲಿ ಅಂಗಿಯ ತೋಳು ಸುಟ್ಟ ವಾಸನೆ ಬಂತು.

ಸಂಜೆ ಅವಳೊಬ್ಬಳೇ ಕಂಪ್ಯೂಟರಿನ ಮುಂದೆ ಕೂತಳು. ಪಡುವಣದ ಅಂಚಿನಲ್ಲಿ ಮೋಡದ ಒಂದು ಪಟ್ಟಿ ಏಳುತ್ತಿತ್ತು. ನಕ್ಷತ್ರ ಕಂಡೊಡನೆ ನಡುವಿನಲ್ಲಿಟ್ಟು ಒಂದು ಚಿತ್ರ ತೆಗೆದಳು, ಆಮೇಲೆ ಮೇಲಿನ ಎಡಮೂಲೆ, ಮತ್ತೆ ನಡು. ಪ್ರತಿ ಮೂಲೆಯಾದ ಮೇಲೂ ನಡುವಿಗೆ ಬರಲೇಬೇಕು. ಇಲ್ಲದಿದ್ದರೆ ನಕ್ಷತ್ರ ದಿಗಂತದತ್ತ ಇಳಿಯುತ್ತ ಮಂಕಾದದ್ದು ಯಾವುದು, ಮೂಲೆಯಿಂದ ಮಂಕಾದದ್ದು ಯಾವುದು ಗೊತ್ತಾಗುವುದಿಲ್ಲ. ಎರಡನೆಯ ಮೂಲೆಗೆ ಹೋಗುವಾಗ ಬಾಗಿಲು ಸದ್ದಾಯಿತು. ಗಂಡ ಬಂದು ಪಕ್ಕದ ಕುರ್ಚಿ ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಅಭ್ಯಾಸಬಲದಿಂದ ಕಂಪ್ಯೂಟರಿನ ಪರದೆಯ ಮೇಲಿನ ಅಂಕಿಗಳನ್ನು ಅವನೇ ಓದಿ ಹೇಳತೊಡಗಿದ.

ಮೂರು ಮೂಲೆಯೂ ನಡುವಿಗೆ ಸರಿಹೊಂದಿದವು. ಉಳಿದದ್ದು ಕೆಳಗಿನ ಬಲಮೂಲೆ, ಹಂಗಾಮಿಡೀ ನಕ್ಷತ್ರ ಕೂತ ಮೂಲೆ. ಮೊದಲು ನೋಡಬೇಕಾದದ್ದನ್ನೇ ಅವಳು ಹೆದರಿ ಕೊನೆಗೆ ಇಟ್ಟುಕೊಂಡಿದ್ದಳು. ಅದಕ್ಕೆ ಸರಿಸುವಷ್ಟರಲ್ಲಿ ಮೋಡದ ಪಟ್ಟಿ ಬಂದು ನಕ್ಷತ್ರವನ್ನು ನುಂಗಿತು.

“ಮೂರೂ ಸರಿ ಇವೆಯಲ್ಲ, ಸಾಕಲ್ವಾ?” ಅಂದ ಅವನು.

ಅವಳು ಕಣ್ಣು ಕದಲಿಸದೆ ಪರದೆ ನೋಡುತ್ತ ಕೂತಳು. ಮೋಡ ಹರಿಯದಿರಲಿ ಅಂತಲೂ ಒಂದು ಮನಸ್ಸು ಹೇಳುತ್ತಿತ್ತು. ಹರಿಯದಿದ್ದರೆ ಅವಳ ತಪ್ಪಿಲ್ಲ, ಅವನ ನಕ್ಷತ್ರ ಉಳಿಯುತ್ತದೆ, ಮನೆಯೂ ಉಳಿಯುತ್ತದೆ. ಗುಡ್ಡದ ಅಂಚಿಗೆ ಇನ್ನೇನು ತಾಗಬೇಕು ಅನ್ನುವಾಗ ಮೋಡ ಬಿಟ್ಟುಕೊಟ್ಟಿತು. ಅವಳು ಚಿತ್ರ ತೆಗೆದಳು.

ಅವನು ಅಂಕಿ ಓದಲಿಲ್ಲ. ಅವಳೇ ಓದಿದಳು. ನೂರಕ್ಕೆ ಮೂರು ಪಾಲು ಕಡಿಮೆ. ನಡುವಿಗೆ ತಂದಳು, ಪೂರ್ತಿ ಬೆಳಕು. ಮತ್ತೆ ಮೂಲೆಗೆ ಒಯ್ದಳು, ಮತ್ತೆ ಅದೇ ಮೂರು ಪಾಲು. ನಕ್ಷತ್ರ ಗುಡ್ಡದ ಹಿಂದೆ ಇಳಿಯಿತು. ಧೂಳಿನ ರಾಶಿಯೂ ಇಲ್ಲ, ಅಡ್ಡ ಬಂದದ್ದೂ ಇಲ್ಲ. ಅದು ಮೊದಲು ಹೇಗಿತ್ತೋ ಹಾಗೇ ಉರಿಯುತ್ತಿತ್ತು.

“ಯಾವಾಗಿಂದ ಗೊತ್ತು ನಿಂಗೆ?” ಅಂತ ಕೇಳಿದ.

“ಸೋಮವಾರದಿಂದ ಅನುಮಾನ ಇತ್ತು.”

“ನನಗೆ ಅದಕ್ಕೂ ಮುಂಚಿನಿಂದ ಇತ್ತು” ಅಂದ. ನಕ್ಷತ್ರ ಮಂಕಾದದ್ದು ಮೂಲೆಗೆ ಸರಿಸಿದ ರಾತ್ರಿಯಿಂದಲೇ. ಅದರ ಹಿಂದಿನ ರಾತ್ರಿಯವರೆಗೆ ಎಲ್ಲ ಸರಿಯಾಗಿತ್ತು. ಅಳತೆ ನೋಡುತ್ತಿದ್ದವನು ಅವನೊಬ್ಬನೇ. ಕಾಕತಾಳೀಯ ಅಂತ ಹೇಳಿಕೊಂಡಿದ್ದ, ಆಮೇಲೆ ಬೆನ್ನು ತಟ್ಟಿದರು, ಆಮೇಲೆ ಹೇಳಲು ಬಾಯಿ ಬರಲಿಲ್ಲ.

“ಹಾಗಿದ್ದೂ ಬೆಳಿಗ್ಗೆ ನನಗೆ ಆ ಮಾತು ಅಂದ್ಯಾ?”

“ನಾನೇನಂದ್ರೂ ನೀನು ತಡೀತೀಯ ಅಂತ ಗೊತ್ತಿತ್ತು.”

ಅಲ್ಲಿಯವರೆಗೆ ಅವನಿಗಾಗಿ ಮರುಗುತ್ತಿದ್ದವಳಿಗೆ ಸಿಟ್ಟು ನೆತ್ತಿಗೇರಿತು. ಮೂರು ರಾತ್ರಿ ಅವಳೊಬ್ಬಳೇ ಹೊತ್ತು ತಿರುಗಿದ್ದ ಭಾರವನ್ನೇ ಅವನೂ ಬಚ್ಚಿಟ್ಟುಕೊಂಡು ಪಕ್ಕದಲ್ಲಿ ಮಲಗಿದ್ದ. “ನಾನು ತಡೀದೇ ಇದ್ದಿದ್ರೆ?” ಅಂದಳು.

ಅವನು ಫೋನ್ ತೆಗೆದು ನಿರ್ದೇಶಕರಿಗೆ ಮಾಡಿದ. ಸುದ್ದಿ ಕಳಿಸಬೇಡಿ ಸಾರ್, ನಕ್ಷತ್ರಕ್ಕೆ ಏನೂ ಆಗಿಲ್ಲ, ಮೂಲೆಗೆ ಸರಿಸಲು ಹೇಳಿದವನು ನಾನೇ, ಅಂದ. ಬಳೆಯ ವಿಷಯ ಅವಳು ಪಕ್ಕದಿಂದ ಗಟ್ಟಿಯಾಗಿ ಹೇಳಿದಳು, ತನ್ನ ತಪ್ಪನ್ನು ಅವನು ಮುಚ್ಚಿಡುವುದು ಅವಳಿಗೆ ಬೇಕಿರಲಿಲ್ಲ. ಆ ಕಡೆಯಿಂದ ಏನೋ ಕೇಳಿದರು. ಹೌದು ಸಾರ್, ಸಮಿತಿಗೂ ತಿಳಿಸಿ, ಅಂತ ಹೇಳಿ ಫೋನ್ ಇಟ್ಟ.

ಕಂಪ್ಯೂಟರ್ ಆರಿಸಿ ಅವಳು ಎದ್ದಳು. ಅವನು ಏಳಲಿಲ್ಲ. ತಲೆ ತಗ್ಗಿಸಿಕೊಂಡೇ, “ನೀನು ತಡೀದೇ ಇದ್ದಿದ್ರೆ ಕಳಿಸ್ತಿದ್ದೆ” ಅಂದ.

ಅವಳು ಬಾಗಿಲವರೆಗೆ ಹೋದಳು. ಹೊರಗೆ ಹೋಗಲಾಗಲಿಲ್ಲ. ವಾಪಸು ಬಂದು ತನ್ನ ಕುರ್ಚಿಯನ್ನು ಅವನಿಂದ ಸ್ವಲ್ಪ ದೂರ ಎಳೆದುಕೊಂಡು ಕೂತಳು.