ರಕ್ಷಾಪುಟದ ಮೇಲಿನ ದರ್ಜಿ

ನಮ್ಮ ಕಚೇರಿಯಲ್ಲಿದ್ದ ಅಮೆರಿಕದ ಎಂಜಿನಿಯರೊಬ್ಬರು ಒಮಾನ್ ಬಿಟ್ಟು ಹೊರಟಾಗ ಎರಡು ರಟ್ಟಿನ ಪೆಟ್ಟಿಗೆ ತುಂಬ ಕಾದಂಬರಿಗಳನ್ನು ಬಿಟ್ಟುಹೋದರು. ಅವನ್ನು ವಿಲೇವಾರಿ ಮಾಡುವಂತೆ ಆಡಳಿತ ವಿಭಾಗದ ಗುಮಾಸ್ತನಾದ ನನಗೆ ಲಿಖಿತ ಆದೇಶ ಬಂತು. ಆದೇಶವನ್ನು ಶಿರಸಾವಹಿಸಿ, ಎರಡನ್ನೂ ಹಮ್ರಿಯಾದ ನನ್ನ ಫ್ಲ್ಯಾಟಿಗೆ ವಿಲೇವಾರಿ ಮಾಡಿದೆ.

ಕಾದಂಬರಿಗಳನ್ನು ಓದಿದೆನೆಂದರೆ ಸುಳ್ಳಾದೀತು. ನಾನು ಓದಿದ್ದು ರಕ್ಷಾಪುಟದ ಒಳಮಡಿಕೆಯಲ್ಲಿ, ಲೇಖಕರ ಫೋಟೋದ ಕೆಳಗಿರುವ ನಾಲ್ಕು ಸಾಲು ಮಾತ್ರ. ಎಲ್ಲರೂ ಈಗ ಬದುಕಿದ್ದು ಬರೆಯುತ್ತಿರುವವರು. ಒಬ್ಬ ಹನ್ನೆರಡು ವರ್ಷ ಅಂಚೆ ವಿಂಗಡಿಸಿದವನು. ಒಬ್ಬಾಕೆ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ, ಅಪ್ಪ ಅಮ್ಮನ ಬಟ್ಟೆ ಒಗೆಯುವ ಅಂಗಡಿಯ ಹಿಂಬದಿಯಲ್ಲಿ ಕೂತು ಓದಿ, ಆಸ್ಪತ್ರೆಯ ದಾದಿಯಾದವಳು. ಇನ್ನೊಬ್ಬ ಸೈನ್ಯದಲ್ಲಿದ್ದು, ಆಮೇಲೆ ಮನೆಗಳಿಗೆ ಛಾವಣಿ ಹೊದಿಸಿ, ಜೈಲಿನಲ್ಲಿ ಪಾಠ ಹೇಳಿ, ಸದ್ಯ ಎರಡು ನಾಯಿಗಳೊಂದಿಗೆ ವಾಸವಾಗಿರುವವನು. ನಾಯಿಗಳ ಉಲ್ಲೇಖ ಆ ದೇಶದಲ್ಲಿ ಕಡ್ಡಾಯವೆಂದು ತೋರುತ್ತದೆ. ಹೆಣಗಳನ್ನು ಅಂತ್ಯಕ್ರಿಯೆಗೆ ಸಿಂಗರಿಸುತ್ತಿದ್ದವನೂ ಒಬ್ಬನಿದ್ದ. ಫೋಟೋದಲ್ಲಿ ಎಲ್ಲರಿಗಿಂತ ಗೆಲುವಾಗಿದ್ದವನು ಅವನೇ.

ನನಗೆ ಬೆರಗಾಯಿತು. ಮೈಸೂರಿನ ನನ್ನ ಕಪಾಟಿನ ಪುಸ್ತಕಗಳನ್ನು ನಂಬುವುದಾದರೆ ಕನ್ನಡ ಲೇಖಕರಿಗೆ ಇರುವುದು ಎರಡೇ ವೃತ್ತಿ: ಅಧ್ಯಾಪಕ ಮತ್ತು ನಿವೃತ್ತ ಅಧ್ಯಾಪಕ.

ಆಗ ನಮ್ಮ ಮೇಲಿನ ಮಹಡಿಯಲ್ಲಿ ಮೂಲ್ಕಿ ಕಡೆಯ ಒಂದು ಕುಟುಂಬವಿತ್ತು. ಯಜಮಾನರು ನನ್ನ ಗೆಳೆಯರು. ಮನೆಯಲ್ಲಿ ತುಳು ಮಾತಾಡಿ ಕನ್ನಡದಲ್ಲಿ ಕತೆ ಬರೆಯುವವರು. ಶುಕ್ರವಾರ ಬೆಳಿಗ್ಗೆ ಅವರು ಬನ್ಸ್ ತರುವುದು, ನಾನು ಚಟ್ನಿ, ಕಾಫಿ ಮಾಡುವುದು ಎಂದು ಅಲಿಖಿತ ಒಪ್ಪಂದ. ಈಗ ಅವರು ದೂರದ ಸಹಮ್ ಊರಿಗೆ ಮನೆ ಬದಲಾಯಿಸಿದ್ದಾರೆ. ಶುಕ್ರವಾರ ನನಗೆ ಬ್ರೆಡ್ಡೇ ಗತಿ. ಆ ದಿನಗಳಲ್ಲಿ ನಾನು ವಾರಕ್ಕೊಬ್ಬ ಅಮೆರಿಕನ್ ಲೇಖಕನ ನಾಲ್ಕು ಸಾಲನ್ನು ಪುರಾಣದಂತೆ ವಾಚಿಸುತ್ತಿದ್ದೆ. ಅವರು ಬನ್ಸ್ ಮುರಿಯುವುದನ್ನೂ ಮರೆತು ಕೇಳುತ್ತಿದ್ದರು.

ಅವರು ಹಾಗೆ ಕೇಳುತ್ತಿದ್ದುದಕ್ಕೆ ಕಾರಣವಿತ್ತು. ಆ ಮನುಷ್ಯ ಖಸಬ್‌ನಲ್ಲಿ ಮೀನಿನ ಲಾರಿಗಳಿಗೆ ಐಸ್ ತುಂಬಿಸಿದ್ದರು. ತೋಟವೊಂದರ ನೀರಿನ ಪಂಪು ಕಾದಿದ್ದರು. ಮಸ್ಕತ್ತಿಗೆ ಬಂದು ಎ.ಸಿ. ರಿಪೇರಿ ಮಾಡಿ, ಶಾಲಾ ಬಸ್ಸು ಓಡಿಸಿ, ಮದುವೆಗಳಿಗೆ ಅಡುಗೆ ಮಾಡಿ, ಆ ಹೊತ್ತಿಗೆ ಒಂದು ಗೋದಾಮಿನ ಮೇಲ್ವಿಚಾರಕರಾಗಿದ್ದರು. ಆದರೆ ನಾವೆಲ್ಲ ಬತಾಕ ಎನ್ನುವ ನಿವಾಸಿ ಕಾರ್ಡಿನ ಪ್ರಕಾರ ಅವರು ದರ್ಜಿ. ವೀಸಾ ಕೊಟ್ಟ ಕಫೀಲ್, ಅಂದರೆ ಇಲ್ಲಿನ ಪ್ರಾಯೋಜಕನ ಬಳಿ ಅವರು ಬಂದಾಗ ಖಾಲಿಯಿದ್ದದ್ದು ದರ್ಜಿಯ ಜಾಗ. ಮನುಷ್ಯ ಬಂದು ಅದರಲ್ಲಿ ಕೂತ. ಇಲ್ಲಿ ಅದು ದೊಡ್ಡ ವಿಷಯವೇನಲ್ಲ. ಬಡಗಿಯೆಂದು ದಾಖಲಾದ ಅಡುಗೆಯವರನ್ನು ನಾನೇ ಇಬ್ಬರನ್ನು ಬಲ್ಲೆ. ಹದಿನಾಲ್ಕು ವರ್ಷ ಸರ್ಕಾರದ ದೃಷ್ಟಿಯಲ್ಲಿ ದರ್ಜಿಯಾಗಿದ್ದ ಈ ಮಹನೀಯರು ಅಂಗಿಯ ಗುಂಡಿ ಕಿತ್ತುಹೋದರೆ ಹೆಂಡತಿಯ ಕೈಗೆ ಕೊಡುತ್ತಿದ್ದರು.

ಇಲ್ಲಿನ ಕನ್ನಡ ಬಳಗದವರು ಅವರ ಕತೆಗಳನ್ನು ಪುಸ್ತಕ ಮಾಡಲು ನಿರ್ಧರಿಸಿದರು. ಲೇಖಕರ ಪರಿಚಯ ಬರೆಯುವ ಹೊಣೆ ಅಮೆರಿಕನ್ ಪದ್ಧತಿಯ ತಜ್ಞನಾದ ನನ್ನ ಮೇಲೆ ಬಿತ್ತು. ಮೂರು ದಿನ ತಿದ್ದಿ ತೀಡಿ, ಐಸಿನಿಂದ ಗೋದಾಮಿನವರೆಗೆ ಒಂದೂ ಬಿಡದೆ ಬರೆದೆ. ನಾಯಿ ಇಲ್ಲದ್ದರಿಂದ ಪತ್ನಿ ಮತ್ತು ಮಗಳೊಂದಿಗೆ ವಾಸವಾಗಿದ್ದಾರೆ ಎಂದು ಮುಗಿಸಿದೆ.

ಗೆಳೆಯರು ಎರಡು ಸಲ ಓದಿ ಕನ್ನಡಕ ತೆಗೆದರು.

"ಇಷ್ಟೆಲ್ಲ ಮಾಡಿದ್ದೇನೆ ಅಂತ ನನಗೇ ಅಂದಾಜು ಇರ್ಲಿಲ್ಲ ಮಾರಾಯ್ರೆ. ಒಂದು ಕಡೆ ಆದ್ರೂ ಅಚ್ಚಲ್ಲಿ ಇರ್ಲಿ."

ಹಾಳೆ ಅವರ ಪತ್ನಿಯ ಕೈಗೆ ಹೋಯಿತು. ಆಕೆ ಒಂದು ಕ್ಲಿನಿಕ್ಕಿನ ಸ್ವಾಗತ ಮೇಜಿನಲ್ಲಿ ಕೂರುವವರು. ಜನರ ಕಾಗದಪತ್ರ ನೋಡುವುದೇ ಅವರ ಕಸುಬು.

"ಚಂದ ಉಂಟು ಅಣ್ಣ," ಎಂದರು. "ಆದ್ರೆ ಇವರ ಬತಾಕದಲ್ಲಿ ಟೈಲರ್ ಅಂತ ಉಂಟಲ್ಲ? ಮುಂದಿನ ತಿಂಗಳು ರಿನೀವಲ್."

ಆಗ ನನಗೆ ಹೊಳೆಯಿತು. ಕಾರ್ಡಿನಲ್ಲಿ ಇಲ್ಲದ ಕೆಲಸ ಮಾಡುವುದು ಇಲ್ಲಿ ಅಪರಾಧ. ನಾನು ಸಾಹಿತ್ಯಸೇವೆಯೆಂದು ಮೂರು ದಿನ ಕೂತು ಬರೆದದ್ದು ಒಂದು ತಪ್ಪೊಪ್ಪಿಗೆ ಪತ್ರ, ಭಾವಚಿತ್ರ ಸಮೇತ. ರಿನೀವಲ್ ನಿಂತರೆ ಗೋದಾಮು ಹೋಗುತ್ತದೆ, ಮನೆ ಹೋಗುತ್ತದೆ, ಮಗಳ ಹತ್ತನೆಯ ತರಗತಿ ನಡುವೆಯೇ ನಿಲ್ಲುತ್ತದೆ. ಇಲ್ಲಿ ಕನ್ನಡ ಓದುವ ಅಧಿಕಾರಿ ಯಾರಿದ್ದಾರೆ ಎಂದು ನಾನು ವಾದಿಸಿದೆ. ಹೋಗಿ ಹೇಳುವುದು ಕನ್ನಡ ಓದುವವರೇ ಎಂದು ಆಕೆ ಉತ್ತರಿಸಿದರು. ಬಳಗದ ಕಳೆದ ಚುನಾವಣೆಯಲ್ಲಿ ಓಡಾಡಿದ ಮೂಗರ್ಜಿಗಳು ನೆನಪಾಗಿ ನಾನು ಹಾಳೆಯನ್ನು ವಾಪಸು ಕೇಳಿದೆ.

ಗೆಳೆಯರು ಮಾತ್ರ ಹಟ ಹಿಡಿದರು. ಇಡೀ ಆಯುಷ್ಯದಲ್ಲಿ ಒಂದು ಪುಸ್ತಕ. ಅದರ ಬೆನ್ನ ಮೇಲೂ ಆ ದರ್ಜಿಯೇ ಕೂರಬೇಕೇ ಎಂದರು. ಹಾಗೆ ಬರೆದರೆ ಸುಳ್ಳಾಗುತ್ತದೆ ಎಂದರು. ಮಗಳು ಪುಸ್ತಕದಿಂದ ತಲೆಯೆತ್ತದೆ, "ಪಪ್ಪಾ, ಟೆಕ್ನಿಕಲಿ ಯು ಆರ್ ಎ ಟೈಲರ್," ಎಂದಳು. ಅಮೆರಿಕದವರನ್ನು ನೋಡು, ಹೆಣ ಸಿಂಗರಿಸಿದ್ದನ್ನೂ ಹೇಳಿಕೊಳ್ಳುತ್ತಾರೆ ಎಂದು ಅವರು ಹೆಂಡತಿಗೆ ಹೇಳಿದರು.

"ಅವರಿಗೆ ಬತಾಕ ಇಲ್ಲ," ಎಂದರು ಆಕೆ. "ಎಂತ ಬೇಕಾದ್ರೂ ಬರ್ಕೊಳ್ಳಲಿ. ನೀವು ಈ ಕೆಲಸಗಳನ್ನೆಲ್ಲ ಒಂದು ಕತೆಗೆ ಹಾಕಿ. ಹಿಂದೆ ಟೈಲರ್ ಅಂತ ಹಾಕಿ. ಕತೆಗೆ ಯಾರೂ ಬತಾಕ ಕೇಳುದಿಲ್ಲ."

ಎರಡು ವಾರ ನನ್ನ ಮನೆಗೆ ಬನ್ಸ್ ಬರಲಿಲ್ಲ. ಮೂರನೆಯ ವಾರ ಬಂತು, ಜೊತೆಗೆ ಸಂಕಲನದ ಕೊನೆಗೆ ಸೇರಿಸಲು ಹೊಸದೊಂದು ಕತೆ: ಒಬ್ಬನೇ ಮನುಷ್ಯ ಐಸ್ ತುಂಬಿ, ಪಂಪು ಕಾದು, ಬಸ್ಸು ಓಡಿಸಿ, ಅಡುಗೆ ಮಾಡಿ ಬಾಳುವ ಕತೆ. ನನ್ನ ಪರಿಚಯ ಒಂದೇ ಸಾಲಿಗೆ ಇಳಿಯಿತು: "ಲೇಖಕರು ವೃತ್ತಿಯಿಂದ ದರ್ಜಿ." ಬತಾಕ ಯಾವ ತಕರಾರೂ ಇಲ್ಲದೆ ರಿನೀವಲ್ ಆಯಿತು.

ಬಿಡುಗಡೆಗೆ ಬೆಂಗಳೂರಿನಿಂದ ಬಂದ ಮುಖ್ಯ ಅತಿಥಿಗಳು, ಹೇಳಬೇಕಾಗಿಲ್ಲ, ನಿವೃತ್ತ ಅಧ್ಯಾಪಕರು. ಶ್ರಮಜೀವಿಯೊಬ್ಬ ಲೇಖನಿ ಹಿಡಿದದ್ದನ್ನು ಬಹುವಾಗಿ ಕೊಂಡಾಡಿ, ಕೊನೆಯ ಕತೆಗೆ ಬಂದು ಕನ್ನಡಕ ಸರಿಮಾಡಿಕೊಂಡರು.

"ಇದೊಂದು ಮಾತ್ರ ನಂಬಕ್ಕೆ ಆಗ್ಲಿಲ್ಲ. ಐಸ್ ತುಂಬಿಸ್ತಾನಂತೆ, ಪಂಪು ಕಾಯ್ತಾನಂತೆ, ಎ.ಸಿ. ರಿಪೇರಿ, ಬಸ್ಸು, ಮದುವೆ ಅಡುಗೆ, ಆಮೇಲೆ ಗೋದಾಮು. ಒಂದು ಜೀವಕ್ಕೆ ಇಷ್ಟೆಲ್ಲ ಆಗತ್ತೇನ್ರೀ? ಲೇಖಕರು ತಮಗೆ ಗೊತ್ತಿರೋ ಹೊಲಿಗೆ ಬಗ್ಗೆ ಬರೀಬೇಕು."

ಸಭೆ ಚಪ್ಪಾಳೆ ತಟ್ಟಿತು. ಎರಡನೆಯ ಸಾಲಿನಲ್ಲಿದ್ದ ಗೆಳೆಯರ ಪತ್ನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗೆಳೆಯರು ವೇದಿಕೆಯ ಮೇಲೆ ವಿನಯದಿಂದ ತಲೆಬಾಗಿ, ಆಗಲಿ ಸರ್ ಎಂದರು. ಅವರು ಅವಮಾನ ನುಂಗುತ್ತಿದ್ದಾರೆಂದು ತಿಳಿದು, ಅವರು ಕೆಳಗಿಳಿದು ನನ್ನ ಪಕ್ಕ ಕೂರುವಷ್ಟರಲ್ಲಿ ಸಮಾಧಾನದ ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡಿದ್ದೆ. ಅದು ಬೇಕಾಗಲಿಲ್ಲ.

"ಕೇಳಿದ್ರಾ ಮಾರಾಯ್ರೆ?" ಎಂದು ನನ್ನ ಮೊಣಕೈ ಹಿಡಿದರು. "ಮೈಕಲ್ಲಿ ಹೇಳಿದ್ರು. ಒಂದೂ ಬಿಡ್ಲಿಲ್ಲ."